ಮೆಲ್ಲಗೆ ಡಾಕ್ಟ್ರ ಕತ್ತು

ರೋಗಿಗಳು ಅವರಿಗಿಟ್ಟ ಹೆಸರು ಮೆಲ್ಲಗೆ ಡಾಕ್ಟ್ರು. ಕತ್ತುನೋವೆಂದು ಬಂದವರನ್ನು ಬೋರಲು ಮಲಗಿಸಿ, ಕುತ್ತಿಗೆಯ ಒಂದೊಂದೇ ಮೂಳೆಯನ್ನು ಹೆಬ್ಬೆರಳಿನಿಂದ ಹದವಾಗಿ ಒತ್ತಿ ಬಿಡುತ್ತ, ಬಿಗಿದ ಕೀಲನ್ನು ಸಡಿಲಿಸುವುದು ಅವರ ರೀತಿ. ಅದೇ ಕ್ಲಿನಿಕ್ಕಿನಲ್ಲಿ ಪರದೆಯಾಚೆ ಕೆಲಸ ಮಾಡುವ ಇನ್ನೊಬ್ಬ ಫಿಸಿಯೋಥೆರಪಿಸ್ಟ್ ಲಟಕ್ ಮೇಡಂ. ತಲೆಯನ್ನು ಎರಡು ಕೈಯಲ್ಲಿ ಹಿಡಿದು ಒಂದು ಚುರುಕು ತಿರುವು. ಲಟಕ್! ಅಷ್ಟೇ.

ಯಾವುದು ಮೇಲು ಎಂಬ ಜಗಳ ವರ್ಷಗಳದ್ದು.

"ಆತುರಗಾರನಿಗೆ ಬುದ್ಧಿ ಮಟ್ಟ ಕಣಮ್ಮ," ಎನ್ನುವರು ಇವರು.

"ನೀವು ಒತ್ತಿ ಮುಗಿಸೋಷ್ಟರಲ್ಲಿ ನೋವಿಗೇ ಬೇಜಾರಾಗಿ ಎದ್ದು ಹೋಗುತ್ತೆ ಸಾರ್," ಎನ್ನುವರು ಆಕೆ.

ಒಂದು ಬೆಳಿಗ್ಗೆ ಡಾಕ್ಟ್ರ ಕತ್ತೇ ಹಿಡಿದುಕೊಂಡಿತು. ಎಡಗಡೆಯಿಂದ ಯಾರಾದರೂ ಕರೆದರೆ ಇಡೀ ಮೈಯನ್ನು ಬೀರುವಿನಂತೆ ತಿರುಗಿಸಬೇಕು. ಸಂಜೆ ಎಲ್ಲರೂ ಹೋದ ಮೇಲೆ ಮೇಡಂ ಪರದೆ ಸರಿಸಿದರು.

"ಮಲಗಿ ಸಾರ್."

"ಏನಿಲ್ಲಮ್ಮ, ತಾನೇ ಸರಿಹೋಗುತ್ತೆ."

"ರೋಗಿಗಳು ಹೀಗಂದ್ರೆ ನೀವು ಬಿಡ್ತೀರಾ?"

ಮಲಗಿದರು. ಮುಖ ಇಡುವ ತೂತಿನಿಂದ ನೆಲದ ಒಂದು ತುಂಡು ಮಾತ್ರ ಕಂಡಿತು.

"ಲಟಕ್ ಬೇಡ."

"ನಿಮ್ಮ ರೀತಿಯಲ್ಲೇ ಮಾಡ್ತೀನಿ, ಹೆದರಬೇಡಿ."

ಹೆಬ್ಬೆರಳು ಕುತ್ತಿಗೆಗೆ ತಾಗಿತು. ಇನ್ನೂ ಕೆಳಗೆ ಎಂದು ಮೇಷ್ಟರಂತೆ ತಿದ್ದಲು ಹೊರಟವರಿಗೆ, ತಮ್ಮನ್ನು ಇನ್ನೊಬ್ಬರ ಕೈ ಮುಟ್ಟಿ ಎಷ್ಟು ಕಾಲವಾಯಿತೆಂದು ಹೊಳೆಯಿತು. ಮನೆಯಲ್ಲಿ ಜೊತೆಗಿದ್ದ ಅಕ್ಕ, ಮೊಮ್ಮಗುವನ್ನು ನೋಡಿಕೊಳ್ಳಲೆಂದು ಹೋದವರು, ಮಗಳ ಮನೆಯಲ್ಲೇ ಉಳಿದುಬಿಟ್ಟಿದ್ದರು. ದಿನವಿಡೀ ಊರವರ ಕತ್ತೆಲ್ಲ ಇವರ ಕೈಯಲ್ಲಿ. ಇವರ ಹಣೆ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುವ ಕೈ ಒಂದೂ ಇಲ್ಲ.

ಕೆಳಗೆ ನೆಲದ ಮೇಲೆ ಒಂದು ಹನಿ ಬಿತ್ತು.

"ನೋವಾಯ್ತಾ ಸಾರ್?"

"ಇಲ್ಲ. ಒತ್ತಿ."

"ಸೋಫಾ ಮೇಲೆ ಮಲಗ್ತಿದ್ದೀರಲ್ವಾ?"

"ಟಿವಿ ನೋಡ್ತಾ ಹಾಗೇ ನಿದ್ದೆ ಹತ್ತುತ್ತೆ."

"ಮಂಚ ಇಲ್ವಾ?"

"ಇದೆ. ರೂಮಿಗೆ ಹೋದ್ರೆ ಟಿವಿ ಕೇಳಿಸಲ್ಲ."

ಬೆರಳು ಒಂದು ಗಳಿಗೆ ನಿಂತು, ಮತ್ತೆ ಮುಂದುವರಿಯಿತು.

ಎದ್ದು ಕೂತಾಗ ಕತ್ತು ಅರ್ಧ ತಿರುಗಿತು. "ಆಗಿದ್ದಾಗಲಿ, ನಿಮ್ದೂ ನೋಡೇಬಿಡೋಣ," ಎಂದು ಅವರೇ ಹೇಳಿದರು. ತಲೆ ಸುತ್ತುವುದಿಲ್ಲ, ಕೈ ಜೋಮು ಹಿಡಿದಿಲ್ಲ ಎಂದು ಕೇಳಿ ಖಚಿತಪಡಿಸಿಕೊಂಡು ಆಕೆ ತಲೆ ಹಿಡಿದರು. ಸದ್ದಾಯಿತು. ಗದ್ದ ಭುಜದವರೆಗೂ ಹೋಯಿತು.

"ಹಾಗಾದ್ರೆ ಗೆದ್ದೋರು ಯಾರಮ್ಮ?"

"ಇಬ್ರೂ ಅಂದ್ಕೊಳ್ಳಿ. ಸೋಫಾ ಬಿಡದಿದ್ರೆ ಇಬ್ರೂ ಸೋತ ಹಾಗೇ."

ಆ ರಾತ್ರಿ ಅವರು ಮಂಚದ ಮೇಲೆ ಮಲಗಿದರು. ನಿದ್ದೆ ಬರಲಿಲ್ಲ, ಕತ್ತು ಮಾತ್ರ ನೆಟ್ಟಗಿತ್ತು.

"ಹೇಗಿದೆ ಸಾರ್?" ಬೆಳಿಗ್ಗೆ ಮೇಡಂ ಕೇಳಿದರು.

ಇನ್ನೂ ನೋಯುತ್ತಿದೆ ಎಂದರೆ ಮತ್ತೊಮ್ಮೆ ಮಲಗಿಸಿಯಾರು ಎಂಬ ಆಸೆ ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡರು. "ನೋವು ಪೂರ್ತಿ ಹೋಗಿದೆ," ಎಂದು ಕತ್ತನ್ನು ಎರಡೂ ಕಡೆ ತಿರುಗಿಸಿ ತೋರಿಸಿದರು. ಆಮೇಲೆ ಧೈರ್ಯ ಮಾಡಿ, "ಇವತ್ತು ಊಟ ಒಟ್ಟಿಗೆ ಮಾಡೋಣ್ವಾ?" ಎಂದರು.

"ನಾನು ಊಟಕ್ಕೆ ಮನೆಗೆ ಹೋಗ್ತೀನಲ್ಲ ಸಾರ್. ಮಗಳು ಸ್ಕೂಲಿಂದ ಬಂದಿರ್ತಾಳೆ."

ಇಷ್ಟು ವರ್ಷ ಒಂದೇ ಪರದೆಯ ಆಚೀಚೆ ದುಡಿದರೂ ಆಕೆಗೆ ಮಗಳಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ.

"ಹೌದಲ್ಲ, ಮರೆತೇಬಿಟ್ಟಿದ್ದೆ," ಎಂದವರು, ಬಾಗಿಲಲ್ಲಿ ಕತ್ತು ಹಿಡಿದುಕೊಂಡು ನಿಂತಿದ್ದ ರೋಗಿಯನ್ನು ಒಳಗೆ ಕರೆದರು.