ನಮ್ಮತ್ತೆಗೆ ದೋಸೆ ತಿನ್ನಿಸಲು ಹೋದ ದಿನ

ಸುಗ್ಗಿ ಮುಗಿದು ಕಣದ ಹುಲ್ಲೆಲ್ಲ ಮೆದೆಗೆ ಏರಿದ್ದ ಕಾಲ. ಬೆಳಿಗ್ಗೆ ಇನ್ನೂ ಇಬ್ಬನಿ ಆರಿರಲಿಲ್ಲ, ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ಸದ್ದು ಶುರುಮಾಡಿದ್ದವು. ನಾನು ಮಗ್ಗದ ಗುಣಿಗೆ ಒಂದು ಕಾಲು ಇಳಿಸಿದ್ದೆ, ಅಷ್ಟರಲ್ಲಿ ನನ್ನ ಹೆಂಡತಿ ರುದ್ರಾಣಿ ಬಂದು ಅಡ್ಡ ನಿಂತಳು.

"ಇವತ್ತು ಮಗ್ಗಕ್ಕೆ ಇಳೀಬ್ಯಾಡಿ. ನಮ್ಮವ್ವ ಮಧ್ಯಾಹ್ನದ ಬಸ್ಸಿಗೆ ಊರಿಗೆ ಓಯ್ತದೆ. ಅಷ್ಟರೊಳಗೆ ಕರಕಂಡೋಗಿ ಪ್ಯಾಟೆ ತೋರ್ಸಿ, ಓಟ್ಲಲ್ಲಿ ಮಸಾಲೆ ದೋಸೆ ತಿನ್ಸಿ."

"ನಾನಾ? ನೀನು ಕರಕಂಡೋಗು."

"ಮಗೀಗೆ ರಾತ್ರಿಯೆಲ್ಲ ಮೈ ಸುಡ್ತಿತ್ತು. ಬುಟ್ಟು ಎಂಗೋಗ್ಲಿ?"

ನಾನು ಹೆದರಿದ್ದಕ್ಕೆ ಕಾರಣ ಇತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ನಮ್ಮ ಕೊಳ್ಳೇಗಾಲ ಇನ್ನೂ ಮದರಾಸಿನವರ ಕೆಳಗೆ ಇತ್ತು, ನಾವೆಲ್ಲ ನಮ್ಮ ಹಳಬರ ಕೆಳಗೆ ಇದ್ದೆವು. ಅತ್ತೆಯಾದವಳು ಅಳಿಯನಿಗೆ ಮುಖ ತೋರಿಸುವಂತಿಲ್ಲ. ಅಳಿಯ ಅತ್ತೆಯ ಹೆಸರು ಬಾಯಲ್ಲಿ ತರುವಂತಿಲ್ಲ. ಒಬ್ಬರಿಗೊಬ್ಬರು ನೇರವಾಗಿ ಮಾತಾಡುವಂತೆಯೇ ಇಲ್ಲ. ಮಾತಾಡಲೇಬೇಕು ಅಂದರೆ ನಡುವೆ ಕಂಬವೋ ಬೆಕ್ಕೋ ಒರಳೋ ಏನಾದರೂ ಇರಬೇಕು, ಅದಕ್ಕೆ ಹೇಳಬೇಕು. ಮದುವೆಯಾಗಿ ಮಗು ಹುಟ್ಟಿದ್ದರೂ ನಮ್ಮತ್ತೆ ದೊಡ್ಡಮಾದಮ್ಮನವರ ಮೂಗು ಉದ್ದವೋ ಮೊಂಡೋ ನನಗೆ ತಿಳಿಯದು. ನನಗೆ ಗೊತ್ತಿದ್ದದ್ದು ಅವರ ಸೆರಗಿನ ಅಂಚು, ಕಾಲುಂಗುರದ ಸದ್ದು, ಅಷ್ಟೆ. ತಲೆ ಬಗ್ಗಿಸಿ ನಡೆಯುವ ಅವರಿಗೆ ಗೊತ್ತಿದ್ದದ್ದು ನನ್ನ ಹಿಮ್ಮಡಿ.

ಅವರು ಲೊಕ್ಕನಹಳ್ಳಿಯವರು. ಕಾಡಂಚಿನ ಹೊಲ, ಆನೆ ಹಂದಿ ಓಡಿಸಿ ಓಡಿಸಿ ಸಾಕಾಗಿ, ಹೊಲ ಮಾವನವರಿಗೆ ಬಿಟ್ಟು, ನಾಲ್ಕು ದಿನ ಪಟ್ಟಣದಲ್ಲಿ ಇದ್ದು ಹೋಗೋಣ ಅಂತ ಬಂದಿದ್ದರು. ಬಂದಾಗಿನಿಂದ ನಮ್ಮ ಪಡಸಾಲೆಯ ಕಂಬಕ್ಕೆ ಬಿಡುವೇ ಇರಲಿಲ್ಲ. "ಕಂಬಾ, ಸಾರಿಗೆ ಉಪ್ಪು ಸಾಕಾ ಕೇಳು" ಅಂತ ಅಡುಗೆಮನೆಯಿಂದ ಅವರು. "ಕಂಬಾ, ಸಾಕು ಅನ್ನು" ಅಂತ ಈಚೆಯಿಂದ ನಾನು. ರುದ್ರಾಣಿ ನಡುವೆ ನಿಂತು ಬಾಯಿಗೆ ಸೆರಗು ತುಂಬಿಕೊಳ್ಳುವಳು.

ದೋಸೆಯ ಮಾತು ಬೇರೆ. ಅವರ ನಾದಿನಿ ಚಿಕ್ಕಬಸಮ್ಮ ಒಂದು ಸಲ ಮೈಸೂರಿಗೆ ಹೋಗಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದಿದ್ದಳಂತೆ. ಅವತ್ತಿನಿಂದ ಬಾವಿಕಟ್ಟೆಯಲ್ಲಿ ಯಾರು ಹಲ್ಲುನೋವು ಅಂದರೂ, ಯಾರು ಹಸು ಕರು ಹಾಕ್ತು ಅಂದರೂ, ಆಕೆ ಹೇಗೋ ಸುತ್ತಿಸಿ ಬಳಸಿ ದೋಸೆಗೆ ತಂದು ನಿಲ್ಲಿಸುತ್ತಿದ್ದಳಂತೆ. "ಪಟ್ಟಣದಲ್ಲಿ ಮಗ್ಳು ಮಡಿಕಂಡು ದೋಸೆ ತಿನ್ದೆ ಓದ್ರೆ, ನೀರಿಗೆ ಬೇರೆ ಬಾವಿ ಉಡುಕ್ಬೇಕು ಕಣವ್ವ ನಾನು" ಅಂತ ಮಗಳ ಹತ್ತಿರ ಹೇಳಿಕೊಂಡಿದ್ದರು. ಮುಂದಿನ ಸುಗ್ಗಿವರೆಗೆ ಮತ್ತೆ ಬರುವಂತಿರಲಿಲ್ಲ. ಆದದ್ದು ಅವತ್ತೇ ಆಗಬೇಕು.

ಸರಿ, ಹೊರಟೆವು. ಮುಂದೆ ನಾನು, ತಲೆಗೆ ಬಿಳಿ ಪೇಟ, ಹೆಗಲಿಗೆ ಕಂಬಳಿ. ಹಿಂದೆ ಕಾಲುಂಗುರದ ಸದ್ದು. ತಿರುಗಿ ನೋಡುವಂತಿಲ್ಲ, ಸದ್ದು ಬರುತ್ತಿದ್ದರೆ ಅತ್ತೆ ಬರುತ್ತಿದ್ದಾರೆ ಅಂತ ಲೆಕ್ಕ. ಲಕ್ಷ್ಮೀನಾರಾಯಣನ ಗುಡಿಗೆ ಹೋಗಿ ಕೈಮುಗಿದೆವು. ಬಳೆ ಅಂಗಡಿ, ಪಾತ್ರೆ ಅಂಗಡಿ ದಾಟಿದೆವು. ಬೀದಿ ದೀಪದ ಕಂಬದ ಹತ್ತಿರ ಸದ್ದು ನಿಂತಿತು. ನಾನೂ ನಿಂತೆ.

"ದೀಪದ್ ಕಂಬಾ, ಆ ಅಂಗಡಿಲಿ ಅಷ್ಟೊಂದು ಕನ್ನಡಿ ಯಾಕವೆ ಕೇಳು."

"ಕಂಬಾ, ಅದು ಕ್ಷೌರದಂಗಡಿ. ಅತ್ತ ನೋಡಬಾರದು ಅನ್ನು."

"ಕಂಬಾ, ನೋಡಾಯ್ತು ಅನ್ನು."

ಬಳೆ ಅಂಗಡಿಯವನು ನಮ್ಮಿಬ್ಬರನ್ನೂ ಕಂಬವನ್ನೂ ಬಾರಿ ಬಾರಿ ನೋಡಿ, ಹುಚ್ಚಾ ಏನು ಅಂತ ಪಕ್ಕದವನನ್ನು ತಮಿಳಿನಲ್ಲಿ ಕೇಳಿದ. ನಾನು ಕೇಳಿಸದವನ ಹಾಗೆ ಹೆಜ್ಜೆ ಹಾಕಿದೆ.

ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಬಿದಿರು ತುಂಬಿದ ಎತ್ತಿನ ಗಾಡಿಯೊಂದು ಬೀದಿಗೆ ಅಡ್ಡಲಾಗಿ ಸಿಕ್ಕಿಹಾಕಿಕೊಂಡಿತ್ತು. ಜನ ಆ ಕಡೆ ಈ ಕಡೆ ನುಗ್ಗುತ್ತಿದ್ದರು. ನಾನು ಬಿದಿರಿನ ಕೆಳಗೆ ಬಗ್ಗಿ ದಾಟಿ ಆಚೆ ನಿಂತೆ. ಸ್ವಲ್ಪ ಹೊತ್ತಿಗೆ ಹಿಂದೆ ಕಾಲುಂಗುರ ಸದ್ದಾಯಿತು. ಸದ್ಯ, ಬಂದರು ಅಂದುಕೊಂಡು ನೇರ ಹೋಟೆಲಿಗೆ ನಡೆದೆ.

ಹೋಟೆಲಿನ ನಟ್ಟನಡುವೆ ಒಂದು ದಪ್ಪ ಕಂಬ ಇತ್ತು. ದೇವರೇ ಅಲ್ಲಿ ನಿಲ್ಲಿಸಿದ ಹಾಗಿತ್ತು. ಕಂಬದ ಆ ಕಡೆ ಬೆಂಚಿನಲ್ಲಿ ಅವರು ಕೂತರು, ಈ ಕಡೆ ನಾನು ಗೋಡೆಗೆ ಮುಖ ಹಾಕಿ ಕೂತೆ. ಬಿಸಿ ದೋಸೆ ನನ್ನ ಪಕ್ಕದಲ್ಲೇ ಹಾದು ಆ ಕಡೆ ಹೋಯಿತು. ತುಪ್ಪದ ವಾಸನೆ ನನಗೆ, ದೋಸೆ ಅವರಿಗೆ. ಅತ್ತೆಯ ಎದುರು ಅಳಿಯ ತಿನ್ನುವುದುಂಟೇ? ನಾನು ಕಾಫಿ ಮಾತ್ರ ಹೇಳಿದೆ.

"ಕಂಬಾ, ದೋಸೆ ಎಂಗದೆ ಕೇಳು" ಅಂದೆ.

ಹೋಟೆಲಿನ ಗದ್ದಲದ ನಡುವೆ ಬಾಯಿ ತುಂಬಿದ ದನಿ ಬಂತು: "ಕಂಬಾ, ಮಾತಾಡಿಸ್ಬ್ಯಾಡ ಅನ್ನು."

ನನಗೆ ಹಿಗ್ಗೋ ಹಿಗ್ಗು. "ಇನ್ನೊಂದು ತರಿಸ್ಲಾ ಕೇಳು."

"ಅಳೀಮಯ್ಯಾರು ಇಷ್ಟು ಬಲವಂತ ಮಾಡುದ್ರೆ ಬ್ಯಾಡ ಅನ್ನಕ್ಕಾದದಾ ಅನ್ನು."

ಇನ್ನೊಂದು ಹೋಯಿತು. ಮತ್ತೂ ಒಂದು ಹೋಯಿತು. ಮೇಲೆ ಹಲ್ವ. ಮಾಣಿ ನನ್ನ ಕಡೆ ಬಗ್ಗಿ, "ನಿಮ್ಮ ತಾಯಿನಾ? ಉಪವಾಸ ಇದ್ರಾ?" ಅಂತ ಪಿಸುಗುಟ್ಟಿದ. ಆಮೇಲೆ ಆ ಕಡೆಯಿಂದ ಒಂದು ದೊಡ್ಡ ತೇಗು, ಅದರ ಹಿಂದೆ ಹಲ್ವ ಮೆತ್ತಿದ ಮಾತು.

"ಕಂಬಾ, ಅಳೀಮಯ್ಯಾರ್ಗೆ ಇವತ್ತೇನು ಬಂದದೆ ಕೇಳು. ನೆನ್ನೆಗಂಟ ನಂಗೆ ಒಂದು ಕಡ್ಲೆಬೀಜ ತಿನ್ಸಿದೋರಲ್ಲ."

ಮನಸ್ಸಿಗೆ ಚುಚ್ಚಿದ ಹಾಗಾಯಿತು. ಮನೆಯಲ್ಲಿ ದಿನವೂ ಒಬ್ಬಟ್ಟು ಕಜ್ಜಾಯ ಮಾಡಿಸಿದ್ದೆ. ಕಾಫಿಯ ಜೊತೆ ಅದನ್ನೂ ನುಂಗಿಕೊಂಡೆ.

"ಸರಿ, ಎತ್ತು ನೋಡಕ್ಕೆ ಒತ್ತಾಯ್ತು ಅನ್ನು ಕಂಬಾ."

"ಯಾವ ಎತ್ತು ಕೇಳು ಕಂಬಾ."

"ಕೌದಳ್ಳಿ ಬುಟ್ಟಾಗಿಂದ ಎತ್ತು ಎತ್ತು ಅಂತ ಪ್ರಾಣ ತಿಂದೋರು ಇವ್ರೆ, ಯಾವ ಎತ್ತು ಅಂತಾರಲ್ಲಾ ಕಂಬಾ!"

ತಿರುಗಬಾರದು ಅಂತ ನೆನಪಾಗುವಷ್ಟರಲ್ಲಿ ತಿರುಗಿಬಿಟ್ಟಿದ್ದೆ. ಸೆರಗು ಸರಿಸಿ ಹಲ್ವ ನೆಕ್ಕುತ್ತಿದ್ದ ಒಂದು ಮುಖ ಕಂಡಿತು. ಮುಂದಿನ ಹಲ್ಲಿಲ್ಲ, ಗದ್ದಕ್ಕೆ ಆಲೂಗಡ್ಡೆ ಪಲ್ಯ. ನಾನು ಅತ್ತೆಯ ಮುಖ ನೋಡಿದ್ದರೆ ತಾನೇ, ಇದು ಅವರದಲ್ಲ ಅಂತ ಹೇಳುವುದು!

"ನೀವು... ರುದ್ರಾಣಿ ಅವ್ವ ತಾನೆ?"

"ಯಾವ ರುದ್ರಾಣಿ? ನಾನು ಕೌದಳ್ಳಿ ಕೆಂಪಾಜಮ್ಮ. ನೀನು ನಮ್ಮ ಗುರುಸಿದ್ದಯ್ಯ ಅಲ್ವಾ?"

"ಅಲ್ಲ ಕಣವ್ವ. ನಾನು ಮಗ್ಗದ ದೇವಣ್ಣ."

ಆಕೆ ನನ್ನನ್ನು ನೋಡಿದರು, ಮುಂದಿದ್ದ ಎಲೆಗಳನ್ನು ನೋಡಿದರು. "ಅಯ್ಯೋ, ತಿಂದ್ಬುಟ್ನಲ್ಲಪ್ಪಾ!" ಅಂದರು. ಅಂದವರೇ ಎಲೆಯಲ್ಲಿ ಉಳಿದಿದ್ದ ಚೂರನ್ನೂ ಬಾಯಿಗೆ ಹಾಕಿಕೊಂಡರು. ಬಿಸಾಡಲಾದೀತೇ?

ಆಮೇಲೆ ಎಲ್ಲ ಬಿಡಿಸಿಕೊಂಡಿತು. ಆಕೆಯೂ ಅಳಿಯನ ಹಿಂದೆ ತಲೆ ಬಗ್ಗಿಸಿ ಬರುತ್ತಿದ್ದವರು. ಆ ಅಳಿಯನಿಗೂ ಬಿಳಿ ಪೇಟ, ಹೆಗಲ ಕಂಬಳಿ. ಬಿದಿರು ಗಾಡಿಯ ಹತ್ತಿರ ಆಕೆ ನನ್ನ ಕಾಲಿನ ಜಾಡು ಹಿಡಿದು ಹಿಂದೆ ಬಂದಿದ್ದರು. ಹಾಗಾದರೆ ನಮ್ಮತ್ತೆ?

"ಎತ್ತು ನೋಡಕ್ಕೆ ಓಗಿರ್ತಾರೆ, ನಡಿ ಮತ್ತೆ!" ಅಂದರು ಕೆಂಪಾಜಮ್ಮ.

ಬಸ್ ಸ್ಟ್ಯಾಂಡ್ ಹಿಂದಿನ ಬಯಲಲ್ಲಿ ಮಾರಾಟದ ದನ ಕಟ್ಟಿದ್ದರು. ಅಲ್ಲಿಗೆ ಓಡಿದೆವು. ನನ್ನದೇ ಥರದ ಪೇಟದವನೊಬ್ಬ ಬಿಳಿ ಎತ್ತಿನ ಈ ಕಡೆ ನಿಂತಿದ್ದ, ಆ ಕಡೆ ತಲೆ ತುಂಬ ಸೆರಗು ಹೊದ್ದವರೊಬ್ಬರು. ಇಬ್ಬರೂ ಎತ್ತಿನ ಜೊತೆ ಜಗಳ ಮಾಡುತ್ತಿದ್ದರು.

"ಬಸ್ವಾ, ಮಗ್ಗ ಬುಟ್ಟು ಆರು ಕಟ್ಟಿ ಉಳೋ ಗ್ಯಾನ ಯಾಕ್ ಬಂತು ಕೇಳು. ನನ್ ದೋಸೆ ಎಲ್ಲಿ ಕೇಳು."

"ಬಸ್ವಾ, ಯಾವ ಮಗ್ಗ, ಯಾವ ದೋಸೆ ಕೇಳು. ಬೆಳಿಗ್ಗೆ ರಾಗಿಮುದ್ದೆ ಉಂಡು ಬಂದಿಲ್ವಾ ಕೇಳು."

"ಬಸ್ವಾ, ರಾಗಿಮುದ್ದೆ ತಿನ್ನಕ್ಕೆ ಕೊಳ್ಳೇಗಾಲಕ್ಕೆ ಬರ್ಬೇಕಾ ಕೇಳು!"

ದಳ್ಳಾಳಿ ಕೋಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದ. ನಾನು ಹೋಗಿ ಗುರುಸಿದ್ದಯ್ಯನಿಗೆ ವಿಷಯ ಹೇಳಿದೆ. ಅಷ್ಟರಲ್ಲಿ ಕೆಂಪಾಜಮ್ಮ ತನ್ನ ಸ್ವಂತ ಅಳಿಯನನ್ನು ಕಂಡು ಗಾಬರಿಯಾಗಿ, ಸೆರಗು ಎಳೆದುಕೊಂಡು ಎತ್ತಿನ ಆ ಕಡೆ ಓಡಿದರು. ಈಗ ಒಂದು ಎತ್ತಿನ ಹಿಂದೆ ಎರಡು ಸೆರಗು, ಎರಡೂ ಕೆಂಪು.

"ಅಣ್ಣಾ, ನಿಮ್ಮತ್ತೆ ಯಾವ್ದು?" ಅಂದ ಗುರುಸಿದ್ದಯ್ಯ.

"ನಾನು ನೋಡಿದ್ರೆ ತಾನೆ? ನಿಮ್ದು ಯಾವ್ದು?"

"ನಾನೆಂಗೆ ನೋಡಾನ?"

ಹೆಸರು ಹಿಡಿದು ಕರೆಯುವಂತಿಲ್ಲ. ಕೊನೆಗೆ ದಳ್ಳಾಳಿ, "ಲೇ, ನೀವಿಬ್ರೂ ತಿರಿಕ್ಕೊಂಡು ನಿಂತ್ಕಳ್ರಲಾ. ಅವರೇ ಆರಿಸ್ಕಳ್ಲಿ" ಅಂದ. ಮಾರಾಟದ ಎತ್ತುಗಳ ಹಾಗೆ ಬೆನ್ನು ಹಾಕಿ ನಿಂತೆವು. ಹಿಂದೆ ಇಬ್ಬರೂ ಬಗ್ಗಿ ನೋಡಿದ ಸದ್ದಾಯಿತು.

"ಈ ಮೆತ್ತನೆ ಹಿಮ್ಮಡಿ ನಮ್ದು. ಮಗ್ಗದ ಗುಣಿಲಿ ಇಳಿಬಿಟ್ಟ ಕಾಲು" ಅಂದರು ನಮ್ಮತ್ತೆ. "ಗಾಡಿ ದಾಟೋ ಒತ್ಗೆ ಅಳೀಮಯ್ಯಾರ ಹಿಮ್ಮಡಿ ಹಿಂಗೆ ಬಿರ್ಕು ಬುಡ್ತಲ್ಲಾ ಅಂತ ದಾರಿಯುದ್ದಕ್ಕೂ ಮರುಗ್ತಾ ಬಂದೆ ಕಣವ್ವ."

"ಆ ಬಿರ್ಕೆಲ್ಲ ನಮ್ದು ಕಣಕ್ಕ" ಅಂದರು ಕೆಂಪಾಜಮ್ಮ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗಿತ್ತು. "ನಿಮ್ಮ ಅಳೀಮಯ್ಯ ಚಿನ್ನ ಕಣಕ್ಕ! ಒಂದು ತಿಂದ್ರೆ ಇನ್ನೊಂದು ತರುಸ್ತಾನೆ. ಆ ದೋಸೆಯೋ, ಒಳಗೆ ಪಲ್ಯ, ಮ್ಯಾಲೆ ತುಪ್ಪ, ಅಂಚಲ್ಲಿ ಕರುಂ ಕರುಂ..."

ಆರಿಸಿ ಆಯಿತು ಅಂತ ನಾವು ಈ ಕಡೆ ತಿರುಗಿದೆವು. ನಮ್ಮತ್ತೆಗೆ ಬಾವಿಕಟ್ಟೆಯ ಚಿಕ್ಕಬಸಮ್ಮನ ಜೊತೆಗೆ ಈಗ ಕೌದಳ್ಳಿಯವಳೂ ಒಬ್ಬಳು ಸೇರಿದ ಹಾಗಾಯಿತು. ಅದೇ ಹೊತ್ತಿಗೆ ಲೊಕ್ಕನಹಳ್ಳಿ ಕಡೆಯ ಬಸ್ಸು ಪೋಂ ಪೋಂ ಅಂತ ಹಾರನ್ ಬಾರಿಸಿತು. ಇದೇ ಹಾರನ್‌ಗೆ ಓಡಿ ಹತ್ತಬೇಕು, ಇಲ್ಲ ನಾಳೆಯೇ.

ನಮ್ಮತ್ತೆ ಮಾತಾಡಲು ಎತ್ತನ್ನು ಹುಡುಕಿದರು. ದಳ್ಳಾಳಿ ದನವನ್ನೆಲ್ಲ ನೀರಿಗೆ ಹೊಡೆದುಕೊಂಡು ಹೋಗಿದ್ದ. ಕಂಬ ಇಲ್ಲ, ಮರ ಇಲ್ಲ, ಒಂದು ನಾಯಿಯೂ ಇಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಬರೀ ಬಯಲು. ಅವರು ಎರಡೂ ಕೈಯಲ್ಲಿ ಸೆರಗು ಹಿಡಿದು ತಲೆಯಿಂದ ಹಿಂದಕ್ಕೆ ಎತ್ತಿ ಹಾಕಿದರು.

"ಅಳೀಮಯ್ಯಾ, ಬಸ್ಸು ನಾಳಿಕೂ ಬತ್ತದೆ. ನಂಗೆ ದೋಸೆ ಬೇಕು. ನಡೀರಿ."

ಮೂಗು ಮೊಂಡು. ನಾನು "ಹೂಂ ಅತ್ತೆ" ಅಂದೆ. ಬೇರೇನು ಅನ್ನಲಿ?

ಹೋಟೆಲಿಗೆ ಹೋದರೆ ಕಾವಲಿಗೆ ನೀರು ಹೊಯ್ದು ಉಜ್ಜುತ್ತಿದ್ದರು. ಹಿಟ್ಟು ಖಾಲಿ. ಕೊನೆಯ ದೋಸೆಗಳು ಯಾರ ಹೊಟ್ಟೆಗೆ ಹೋದವು ಅಂತ ಮಾಣಿ ಹೇಳಬೇಕಾಗಿರಲಿಲ್ಲ. ನಮ್ಮತ್ತೆ ಬೆಂಚಿನ ಮೇಲೆ ಕೂತು, "ಅಕ್ಕಿ ನೆನೆ ಆಕಿ, ನಾನು ಕಾಯ್ತೀನಿ" ಅಂದರು. ಹಿಟ್ಟು ಹುಳಿ ಬರಲು ಬೆಳಗಾಗಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಆದರೂ ಎಬ್ಬಿಸುವಷ್ಟರಲ್ಲಿ ನನಗೂ ಹೋಟೆಲಿನವರಿಗೂ ಸಾಕುಸಾಕಾಯಿತು.

ಮಾರನೆಯ ದಿನ ಒಲೆ ಹೊಗೆಯಾಡುವ ಮುಂಚೆಯೇ ನಾವು ಅಲ್ಲಿದ್ದೆವು. ಈ ಸಲ ಒಂದೇ ಬೆಂಚು, ಎದುರುಬದುರು. ಮೊದಲ ದೋಸೆ ಅವರಿಗೇ ಬಂತು. ಒಂದು ತುದಿ ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ನಿಧಾನವಾಗಿ ಅಗಿದರು.

"ಎಂಗದೆ ಅತ್ತೆ?"

"ಅಂಥಾ ಏನಿಲ್ಲ ಕಣಪ್ಪ. ನಮ್ಮನೆ ರಾಗಿ ದೋಸೆನೇ ವಾಸಿ" ಅಂದರು. ಆ ದೋಸೆ ಮುಗಿಸಿ ಬೆರಳು ನೆಕ್ಕಿದರು. "ಇನ್ನೊಂದು ತರ್ಸಿ. ನೀವೂ ಒಂದು ತಿನ್ನಿ, ಮಕ ಏನ್ ನೋಡೀರಿ?" ಅಂದರು. ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಕೌದಳ್ಳಿಯವಳಿಗಿಂತ ಒಂದಾದರೂ ಜಾಸ್ತಿ ಆಗಲೇಬೇಕು ಅಂತ ಹಟ. ಆಯಿತು ಕೂಡ. ಮನೆವರೆಗೂ ನನ್ನ ಭುಜ ಹಿಡಿದು ನಡೆದರು. ಆ ಕಾಲಕ್ಕೆ ಅದೂ ಬೀದಿಯವರಿಗೆ ನಾಲ್ಕು ದಿನದ ಮಾತಾಯಿತು.

ಕೆಂಪಾಜಮ್ಮ ಅಳಿಯನ ಜೊತೆ, ಎತ್ತು ಕೊಳ್ಳದೆ, ಅದೇ ದಿನ, ಸೋಮವಾರವೇ ಕೌದಳ್ಳಿಗೆ ಹೋಗಿದ್ದರು. ನಮ್ಮತ್ತೆ ಮಂಗಳವಾರ ಹೋಗಬೇಕಿತ್ತು, ಹೊಟ್ಟೆ ಭಾರವಾಗಿ ಚಾಪೆಯಿಂದ ಏಳಲಾಗಲಿಲ್ಲ. ಬುಧವಾರ ಮಧ್ಯಾಹ್ನದ ಬಸ್ಸಿಗೆ ಹೋದರು.