ಪದ್ಮವ್ವನ ಅಳತೆ

ಪಾಯಪ್ಪ ಸಗಣಿ ಕುಳ್ಳಿನ ಒಟ್ಟಿಲ ಮೇಲಿನ ತಗಡು ಸರಿಸಿ, ಚೆನ್ನಾಗಿ ಒಣಗಿದವನ್ನೇ ಆರಿಸಿ ಆರಿಸಿ ಟ್ರಾಲಿಗೆ ಹಾಕುತ್ತಿದ್ದ. ಗಡಿಯಾಚೆ, ಮಿರಜದ ಬಳಿಯ ಆರಗದಲ್ಲಿ ಯಾರೇ ಸಾಯಲಿ, ಓಣಿಯ ಪ್ರತಿ ಮನೆಯಿಂದಲೂ ಚಿತೆಗೆ ಕುಳ್ಳು ಹೋಗಬೇಕು. ಒಂದೊಂದು ಮನೆಯವರು ಒಂದೊಂದು ಬುಟ್ಟಿ ಕೊಟ್ಟು ಕೈ ಝಾಡಿಸಿಕೊಂಡಿದ್ದರು. ಪಾಯಪ್ಪ ನಾಲ್ಕನೆಯ ಬುಟ್ಟಿ ತುಂಬುತ್ತಿದ್ದ.

"ಅಷ್ಟ್ಯಾಕ್ರಿ? ಎಲ್ಲಾರ ಮನಿಂದೂ ಬರತಾವಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಚಂದ್ರಾಬಾಯಿ.

ಅವನು ಮತ್ತೊಂದು ಕುಳ್ಳು ಎತ್ತಿಕೊಂಡ. ಎದುರಿನ ಮನೆಯ ಕಟ್ಟೆಯ ಮೇಲೆ ಪದ್ಮವ್ವನನ್ನು ಮಲಗಿಸಿದ್ದರು. ನಡುವಿನ ಓಣಿ ಒಂದು ಚಕ್ಕಡಿ ಹಾಯುವಷ್ಟು ಅಗಲವಷ್ಟೇ. ಆದರೂ ಚಂದ್ರಾಬಾಯಿ ಅದನ್ನು ದಾಟಿ ಹದಿನಾರು ವರ್ಷವಾಗಿತ್ತು. ಇವತ್ತೂ ಅವಳು ತನ್ನ ಹೊಸ್ತಿಲಿಂದಲೇ ಕೈ ಮುಗಿದಿದ್ದಳು.

ಡೇರಿಯ ಸೆಕ್ರೆಟರಿ ಗುರುಬಸಪ್ಪ ಬೈಕು ನಿಲ್ಲಿಸಿ ಹತ್ತಿರ ಬಂದ.

"ಪಾಯಪ್ಪ ಕಾಕಾ, ಮಿರಜದಿಂದ ಮಗಳು ಹರ್ಷದಾ ಬಂದಾಳ. ಮೂರಕ್ಕ ಎತ್ತೋದು. ಸುಡಗಾಡಿನ್ಯಾಗ ಡೇರಿ ಕಡಿಂದ ನೀವು ನಾಕ ಮಾತು ಆಡಬೇಕ್ರಿ."

"ನಾ ಯಾಕೋ ಗುರುಬಸಪ್ಪ? ನೀ ಸೆಕ್ರೆಟರಿ ಅದಿ."

"ನಾ ಏನ ಹೇಳ್ಲಿ? ಆ ಲ್ಯಾಕ್ಟೋಮೀಟರಿನ ಕತಿ ನಿಮ್ಮ ಬಾಯಾಗ ಕೇಳಬೇಕು. ತನ್ನ ತಪ್ಪು ನಾಕ ಮಂದ್ಯಾಗ ಒಪ್ಪಿಕೊಂಡ ಹೆಣ್ಣುಮಗಳು! ಅಂಥಾದ್ದು ಯಾರ ಮಾಡ್ಯಾರ್ರಿ? ನೀವು ಹೇಳಿದ್ರ ಅದಕೊಂದು ತೂಕ."

ಪಾಯಪ್ಪನ ಕೈಯ ಕುಳ್ಳು ಎರಡಾಗಿ ಮುರಿಯಿತು. "ನೋಡೂಣು," ಎಂದ. ಗುರುಬಸಪ್ಪ ಅದನ್ನೇ ಒಪ್ಪಿಗೆ ಎಂದುಕೊಂಡು ಹೋದ.

*

ಅದು ತೊಂಬತ್ಮೂರರ ಬೇಸಿಗೆ. ಯಾರು ಬೇಕಾದರೂ ಹಾಲಿನ ಧಂದೆ ಮಾಡಬಹುದು ಎಂದು ಸರಕಾರ ಬಾಗಿಲು ತೆರೆದಿತ್ತು. ಸಾಂಗಲಿ, ಮಿರಜ ದಿನಕ್ಕೊಂದು ಹೊಸ ಕಾಲನಿ ಕಟ್ಟಿಕೊಂಡು ಬೆಳೆಯುತ್ತಿದ್ದವು. ಅಲ್ಲಿನ ಚಹದ ಅಂಗಡಿಗಳಿಗೆಂದು ಖಾಸಗಿ ಗಾಡಿಯೊಂದು ನಸುಕಿನಲ್ಲೇ ಊರಿಗೆ ಬಂದು, ಡೇರಿಗಿಂತ ಹೆಚ್ಚಿನ ದರಕ್ಕೆ ಹಾಲು ಒಯ್ಯುತ್ತಿತ್ತು. ಅತ್ತ ಡೇರಿಯ ದೀಪಾವಳಿ ಬೋನಸ್ಸು ಬೇಕೆಂದರೆ ದಿನದ ಲೀಟರು ಕಡಿಮೆಯಾಗಬಾರದು. ಪಾಯಪ್ಪನಿಗೆ ಎರಡೂ ಬೇಕಿತ್ತು.

ಪದ್ಮವ್ವ ಡೇರಿಯಲ್ಲಿ ಹಾಲು ತಪಾಸಣೆಗೆ ಕೂರುತ್ತಿದ್ದಳು. ಗಂಡ ತೀರಿಕೊಂಡಾಗ ಮಗಳು ಹರ್ಷದಾಗೆ ನಾಲ್ಕು ವರ್ಷ. ಏಳನೆಯ ಇಯತ್ತೆ ಪಾಸಾಗಿದ್ದಾಳೆ, ಅಂಕಿ ಓದಲು ಬರುತ್ತದೆ ಎಂದು ಸಮಿತಿಯವರು ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ಉದ್ದನೆಯ ಪಾತ್ರೆಗೆ ಹಾಲು ಸುರಿದು, ಹೊಟ್ಟೆಯಲ್ಲಿ ಸೀಸದ ಗುಂಡು ತುಂಬಿದ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆಯನ್ನು ಅದರಲ್ಲಿ ತೇಲಬಿಡುವಳು. ಹಾಲು ಗಟ್ಟಿಯಿದ್ದರೆ ಕೊಳವೆ ಮೇಲೇಳುತ್ತದೆ, ನೀರು ಬಿದ್ದಿದ್ದರೆ ಮುಳುಗುತ್ತದೆ. ಕೊಳವೆಯ ಕುತ್ತಿಗೆಯ ಗೆರೆಗಳನ್ನು ಅವಳು ಬಗ್ಗಿ, ಕಣ್ಣು ಹಾಲಿನ ಮಟ್ಟಕ್ಕೇ ಇಳಿಸಿ ಓದುತ್ತಿದ್ದಳು. ಊರಿನವರು ಅದಕ್ಕೆ ಡಿಗ್ರಿ ನೋಡುವುದು ಎನ್ನುತ್ತಿದ್ದರು. ಎಮ್ಮೆಯ ಹಾಲು ಇಪ್ಪತ್ತೆಂಟರ ಕೆಳಗೆ ಬಂದರೆ ವಾಪಸು.

ಆ ಸಂಜೆ ಪಾಯಪ್ಪ ಆಗಷ್ಟೇ ಕರೆದ ಎಂಟು ಲೀಟರಿನ ಕ್ಯಾನು ಇಟ್ಟ. ಪದ್ಮವ್ವ ಒಮ್ಮೆ ನೋಡಿದಳು. ಕೊಳವೆ ಒರೆಸಿ ಇನ್ನೊಮ್ಮೆ ಬಿಟ್ಟಳು.

"ಇಪ್ಪತ್ನಾಕು. ಪಾಯಪ್ಪಣ್ಣಾ, ನೀರು ಹಾಕೀರಿ."

ಸಾಲಿನಲ್ಲಿ ನಲವತ್ತು ಜನ ಇದ್ದರು. ಪಾಯಪ್ಪನ ಕಿವಿ ಬಿಸಿಯಾದವು. "ನಿನ್ನ ಗಾಜಿಗೆ ಕಣ್ಣು ಬಂದಾವೇನು? ಬಸದಿ ಮುಂದ ನಿಂತು ಆಣಿ ಮಾಡ್ತೇನಿ, ಬಾ!" ಎಂದು ಕೂಗಿದ. ಕ್ಯಾನನ್ನು ಡೇರಿಯ ಮೆಟ್ಟಿಲ ಮೇಲೆಯೇ ಬೋರಲು ಹಾಕಿ ಹೊರಟುಹೋದ. ತವರಿನಿಂದ ಮರುದಿನ ಬಂದ ಚಂದ್ರಾಬಾಯಿಗೆ ಓಣಿಯ ಬಾಯಲ್ಲೇ ಸುದ್ದಿ ಸಿಕ್ಕಿತು. ಗಂಡನನ್ನು ಒಂದು ಮಾತೂ ಕೇಳದೆ ಅವಳು ಎದುರು ಮನೆಯ ಕಡೆ ಮುಖ ಮಾಡಿ ಶಾಪ ಹಾಕಿದಳು.

ಎರಡು ತಿಂಗಳ ನಂತರ ಮಿರಜದಲ್ಲಿ ಹಾಲು ತಪಾಸಣೆಯವರಿಗೆ ಮೂರು ದಿನದ ತರಬೇತಿ ನಡೆಯಿತು. ಪದ್ಮವ್ವ ಬಸ್ಸಿನಲ್ಲಿ ಹೋಗಿ ಬಂದಳು. ನಾಲ್ಕನೆಯ ದಿನ ಸಂಜೆ ಸಾಲು ನಿಂತಿದ್ದಾಗ, ಅವಳು ತನ್ನ ಮನೆಯ ಆಕಳ ಹಾಲನ್ನು ಎರಡು ಪಾತ್ರೆಯಲ್ಲಿ ತಂದು ಮೇಜಿನ ಮೇಲಿಟ್ಟಳು.

"ಎಲ್ಲಾರೂ ನೋಡ್ರಿ. ಎರಡೂ ಒಂದ ಹಾಲು. ಒಂದು ತಣ್ಣಗೈತಿ, ಒಂದು ಬೆಚ್ಚಗ ಮಾಡೇನಿ. ಹನಿ ನೀರು ಹಾಕಿಲ್ಲ."

ಕೊಳವೆ ತಣ್ಣನೆಯದರಲ್ಲಿ ಎತ್ತರ ನಿಂತಿತು. ಬೆಚ್ಚಗಿನದರಲ್ಲಿ ಎರಡು ಗೆರೆ ಕೆಳಗಿಳಿಯಿತು. ಜನ ಕತ್ತು ಚಾಚಿದರು.

"ಕಾವು ಹತ್ತಿದ್ರ ಹಾಲು ಹಿಗ್ಗತೈತಿ," ಎಂದಳು ಪದ್ಮವ್ವ. "ತೂಕ ಅಷ್ಟ ಇರತೈತಿ, ಜಾಗ ಹೆಚ್ಚು ಹಿಡೀತೈತಿ. ಅದಕ್ಕ ತೆಳ್ಳಗಾದಂಗ ಆಗಿ ಕೊಳವಿ ಮುಳಗತೈತಿ. ಮದಲ ಥರ್ಮಾಮೀಟರ್ ಹಾಕಿ ಕಾವು ನೋಡಿ, ಆಮ್ಯಾಲ ಡಿಗ್ರಿ ಹೇಳಬೇಕಂತ. ನನಗ ಗೊತ್ತಿರಲಿಲ್ಲ. ಪಾಯಪ್ಪಣ್ಣನ ಹಾಲು ಅವತ್ತು ಬೆಚ್ಚಗಿತ್ತು. ನಾ ಕಾವು ನೋಡದ ಮಾತಾಡಿದೆ. ಅದು ನನ್ನ ತಪ್ಪು."

ಹೀಗೆಂದು ಎಲ್ಲರೆದುರು ಪಾಯಪ್ಪನಿಗೆ ಕೈ ಮುಗಿದಳು.

ಪಾಯಪ್ಪ ಅಲ್ಲೇ ಇದ್ದ. ಆ ದಿನ ಒಂದು ದೊಡ್ಡ ತಂಬಿಗೆ ನೀರನ್ನು ತನ್ನ ಕೈಯಾರೆ ಕ್ಯಾನಿಗೆ ಸುರಿದಿದ್ದು ಅವನಿಗೆ ನೆನಪಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಹಂಗಾರ ನನ್ನ ಹಾಲೂ ಹೊಳ್ಳಿ ಕಳಿಸಿದ್ದಿ!" ಎಂದು ಕೂಗಿದರು. ಇನ್ನೊಬ್ಬರು, ಮತ್ತೊಬ್ಬರು. ಗದ್ದಲದಲ್ಲಿ ಅವನ ಬಾಯಿ ಮುಚ್ಚಿತು.

ಮರುದಿನ ಪದ್ಮವ್ವ ಮನೆಗೂ ಬಂದಳು. ಚಂದ್ರಾಬಾಯಿ ಅವಳನ್ನು ಕೂರು ಎನ್ನಲಿಲ್ಲ. "ನನ್ನ ಗಂಡನ ಮಾನ ತಗದು ಈಗ ಕೈ ಮುಗಿಯಾಕ ಬಂದಿ. ಇನ್ನ ನಿನ್ನ ಹೊಸ್ತಿಲಾ ನಾ ತುಳಿಯಂಗಿಲ್ಲ," ಎಂದಳು. ಪಾಯಪ್ಪ ಒಳಕೋಣೆಯಲ್ಲಿ ನಿಂತು ಕೇಳಿಸಿಕೊಂಡ.

ಅಲ್ಲಿಂದ ಸಂಗತಿ ತನ್ನ ದಾರಿ ತಾನೇ ಹಿಡಿಯಿತು. ಅನ್ಯಾಯಕ್ಕೊಳಗಾದವನೆಂದು ಊರು ಪಾಯಪ್ಪನನ್ನು ಸಮಿತಿಗೆ ಆರಿಸಿತು. ಮೊದಲ ಸಭೆಯಲ್ಲೇ ಪದ್ಮವ್ವನನ್ನು ತಪಾಸಣೆಯಿಂದ ತೆಗೆದು ಕ್ಯಾನು ತೊಳೆಯಲು ಹಚ್ಚುವ ಮಾತು ಬಂತು. ಕೈ ಎತ್ತಿದವರಲ್ಲಿ ಪಾಯಪ್ಪ ಇರಲಿಲ್ಲ. ಬೇಡವೆಂದವರಲ್ಲೂ ಇರಲಿಲ್ಲ. ನಾಲ್ಕು ವರ್ಷ ಅವಳು ಬಿಸಿನೀರು, ಸೋಡಾಪುಡಿಯಲ್ಲಿ ಕ್ಯಾನು ತಿಕ್ಕಿದಳು. ಬೆರಳ ಸಂದುಗಳು ಸೀಳಿ ಬಿಳಿಚಿಕೊಂಡಿದ್ದವು. ಹೊಸ ತಪಾಸಣೆಯವನ ಕಾಲದಲ್ಲಿ ಊರಿನ ಹಾಲು ಎರಡೆರಡು ಸಲ ಮಿರಜದಿಂದ ವಾಪಸು ಬಂದಾಗ, ಸಮಿತಿಯವರೇ ಹೋಗಿ ಅವಳನ್ನು ಕರೆದರು. ಅವಳು ಒಂದೇ ಮಾತು ಕೇಳಿದಳು: "ಥರ್ಮಾಮೀಟರ್ ತರಿಸಿಕೊಡತೀರೇನು?"

ಆಮೇಲೆ ದಿನಾ ಎರಡು ಹೊತ್ತು ಪಾಯಪ್ಪ ಅವಳೆದುರು ಕ್ಯಾನು ಇಟ್ಟ. ಹನಿ ನೀರು ಬೆರೆಸಲಿಲ್ಲ. ಒಂದು ಸಂಜೆ ಧೈರ್ಯ ಮಾಡಿ, "ಪದ್ಮವ್ವಾ, ಅವತ್ತಿನ ಮಾತು..." ಎಂದು ಶುರು ಮಾಡಿದ.

"ಮೂವತ್ತು," ಎಂದಳು ಅವಳು, ಗೆರೆಯಿಂದ ಕಣ್ಣು ತೆಗೆಯದೆ. "ಕ್ಯಾನು ಸರಸ್ರಿ ಅಣ್ಣಾ, ಹಿಂದ ಮಂದಿ ನಿಂತಾರ."

*

ಬೆಂಕಿ ಯಾರು ಇಡಬೇಕೆಂದು ಸುಡಗಾಡಿನಲ್ಲಿ ಸ್ವಲ್ಪ ಮಾತು ನಡೆಯಿತು. ಹಿರಿಯರೊಬ್ಬರು ಪದ್ಮವ್ವನ ದೂರದ ಮೈದುನನ ಹೆಸರು ಎತ್ತಿದರು.

"ಮಗಳು ನಿಂತಾಳಲ್ರಿ," ಎಂದ ಪಾಯಪ್ಪ. ಅವನ ದನಿ ಅವನಿಗೇ ಜೋರಾಗಿ ಕೇಳಿಸಿತು.

ಹರ್ಷದಾ ಮುಂದೆ ಬಂದಳು. ಮಿರಜದ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವವಳು, ಮೂವತ್ತು ದಾಟಿದವಳು. ಚಿತೆಯ ಸುತ್ತ ಬಂದು ಬೆಂಕಿ ಇಟ್ಟಳು. ಣಮೋಕಾರ ಮಂತ್ರದ ನಡುವೆ ಕುಳ್ಳು ಹೊತ್ತಿಕೊಂಡವು. ಹೊಗೆ ಕಡಿಮೆ ಇತ್ತು.

ಎಲ್ಲರೂ ಬೇವಿನ ಮರದ ನೆರಳಿಗೆ ಸರಿದರು. ಶ್ರದ್ಧಾಂಜಲಿಯ ಮಾತು ಶುರುವಾದವು. ಶಾಲೆಯ ಮಾಸ್ತರರು ಮರಾಠಿಯಲ್ಲಿ ಆಡಿದರು, ಪಂಚಾಯತಿಯವನೊಬ್ಬ ಆಡಿದ. ಗುರುಬಸಪ್ಪ ಕಾಗದ ನೋಡಿ ಓದಿದ: "ಡೇರಿಗೆ ಕಂಪ್ಯೂಟರಿನ ಮಶೀನು ಬಂದು ಆರು ವರ್ಷ ಆತು. ಮೊದಲ ತಿಂಗಳು ಮಶೀನಿನ ಅಂಕಿ, ಪದ್ಮವ್ವನ ಅಂಕಿ ಎರಡೂ ಬರೆದು ನೋಡಿದ್ವಿ. ಫರಕ ಬರಲಿಲ್ಲ." ಆಮೇಲೆ ಪಾಯಪ್ಪನ ಕಡೆ ತಿರುಗಿದ. "ಪಾಯಪ್ಪ ಕಾಕಾ, ಬರ್ರಿ."

ಪಾಯಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪದ್ಮವ್ವ ನನಗ ಕೈ ಮುಗಿದದ್ದು ನಿಮಗೆಲ್ಲಾ ಗೊತ್ತೈತಿ," ಎಂದ. ನಾಲ್ಕೈದು ತಲೆ ಆಡಿದವು. ಅವರು ಮುಂದಿನ ಮಾತು ಯಾವುದೆಂದು ಬಲ್ಲವರಂತೆ ಕಾಯುತ್ತಿದ್ದರು. ಆ ಮಾತು ಅವನ ನಾಲಿಗೆಯ ಮೇಲೂ ಇತ್ತು. ಎಷ್ಟು ಸಲ ಬೇರೆಯವರ ಬಾಯಲ್ಲಿ ಕೇಳಿದ್ದ! ಒಂದು ನಿಮಿಷದಲ್ಲಿ ಮುಗಿದುಹೋಗುವ ಮಾತು. ಅವನು ಹರ್ಷದಾಳನ್ನು ನೋಡಿದ. ಅವಳು ಚಿತೆಯನ್ನು ನೋಡುತ್ತಿದ್ದಳು.

"ನಾ ಅವತ್ತು ನೀರು ಹಾಕಿದ್ದೆ," ಎಂದ ಪಾಯಪ್ಪ.

ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ.

"ಬೆಳಿಗ್ಗಿನ ಹಾಲು ಗಾಡಿಯವಗ ಹೆಚ್ಚು ಕೊಟ್ಟು ನಮ್ಮ ಮನಿಗೆ ಉಳದಿರಲಿಲ್ಲ. ಸಂಜಿ ಹಾಲಿನ್ಯಾಗ ಮನಿಗೆ ತಗದಿಟ್ಟೆ. ಡೇರಿ ಲೀಟರು ತುಂಬಸಾಕ ನೀರು ಸುರದೆ. ನಾನ ಸುರದೆ. ಆಕಿ ಹೇಳಿದ್ದು ಖರೇ ಇತ್ತು. ಆಕಿ ಕೈ ಮುಗಿದಾಗ ನಾ ಸುಮ್ಮನಿದ್ದೆ. ಆಕಿನ್ನ ಕ್ಯಾನು ತಿಕ್ಕಾಕ ಹಚ್ಚಿದಾಗ ಸುಮ್ಮನಿದ್ದೆ. ಹದಿನಾರು ವರ್ಷ ಸುಮ್ಮನಿದ್ದೆ."

ಹಿಂದುಗಡೆ ಕನ್ನಡ ಅಷ್ಟಾಗಿ ತಿಳಿಯದ ಹುಡುಗನೊಬ್ಬ ಪಕ್ಕದವನನ್ನು, "ಕಾಯ್ ಮ್ಹಣಾಲೇ?" ಎಂದು ಕೇಳಿದ. ಪಾಯಪ್ಪ ಏನು ಹೇಳಿದನೆಂದು ಪಕ್ಕದವನು ಮರಾಠಿಯಲ್ಲಿ ಪಿಸುಗುಟ್ಟಿದ. ಹೀಗೆ ಆ ಮಾತು ಇನ್ನೊಂದು ಸಲ, ಇನ್ನೊಂದು ಭಾಷೆಯಲ್ಲಿ, ಪಾಯಪ್ಪನ ಕಿವಿಗೆ ಬಿತ್ತು.

ಗುರುಬಸಪ್ಪ ಕಾಗದ ಮಡಚಿ ಜೇಬಿಗಿಟ್ಟ. ಜನ ಒಬ್ಬೊಬ್ಬರಾಗಿ ಎದ್ದು, ಪಾಯಪ್ಪನಿಂದ ದೂರ ಸರಿದು ಹೊರಟರು. ಕೆಲವರು ಫೋನು ಕಿವಿಗೆ ಹಚ್ಚಿಯಾಗಿತ್ತು.

ಅವನು ಕಲ್ಲಿನ ಮೇಲೆ ಕೂತ. ಎಷ್ಟು ಹೊತ್ತಾಯಿತೋ, ಪಕ್ಕದಲ್ಲಿ ಹರ್ಷದಾಳ ಕಾಲು ಕಾಣಿಸಿದವು.

"ಕಾಕಾ, ಎಷ್ಟು ಹಾಕಿದ್ರಿ?"

ಅವನಿಗೆ ತಿಳಿಯಲಿಲ್ಲ. "ಏನವ್ವಾ?"

"ನೀರು."

"ಒಂದು ದೊಡ್ಡ ತಂಬಿಗಿ. ಒಂದು ಲೀಟರ ಹಿಡೀತಿತ್ತು. ಕೂಡಿ ಎಂಟು ಲೀಟರ ಆಗಿತ್ತು."

ಅವಳ ತುಟಿ ಸದ್ದಿಲ್ಲದೆ ಆಡಿದವು. ಹೆರಳಿಗೆ, ಕೈಗಳಿಗೆ ಹೊಗೆಯ ವಾಸನೆ ಹಿಡಿದಿತ್ತು.

"ಮೂವತ್ತು ಬರಬೇಕಿತ್ತು, ಇಪ್ಪತ್ನಾಕು ಬಂತು," ಎಂದಳು. "ಬೆಚ್ಚಗಿತ್ತಂತ ಎರಡು ಹೋತು. ಅಷ್ಟು ಅವ್ವನ ತಪ್ಪು. ಉಳಿದ ನಾಕು ನಿಮ್ಮದು."

"ಆಕಿ ತಪ್ಪು ಏನೂ ಇರಲಿಲ್ಲ, ತಾಯಿ."

"ಇತ್ತು, ಕಾಕಾ. ಎರಡು ಇತ್ತು." ದನಿ ಗಡಸಾಯಿತು. "ಅವ್ವ ನೀವು ನೀರು ಹಾಕಿಲ್ಲ ಅಂತ ಎಂದೂ ಹೇಳಿಲ್ಲ. ಕಾವು ನೋಡಲಿಲ್ಲ ಅಂತ ಅಷ್ಟ ಹೇಳಿದ್ಲು. ಉಳಿದದ್ದು ನೀವೆಲ್ಲಾ ಕೂಡಿ ಕೂಡಿಸಿಕೊಂಡ್ರಿ. ನಾ ಆವಾಗ ಒಂಬತ್ತನೇ ಇಯತ್ತೆಯಾಗ ಇದ್ದೆ. ಶಾಲ್ಯಾಗ ನನ್ನ ಖೋಟಾ ಅಳತಿಯಾಕಿ ಮಗಳು ಅಂತ ಕರೀತಿದ್ರು. ಮನಿಗಿ ಬಂದು ಅತ್ರ ಅವ್ವ, 'ನಾ ನೋಡಿದಷ್ಟ ಹೇಳೇನಿ, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ,' ಅಂತಿದ್ಲು."

ಪಾಯಪ್ಪ ಕಲ್ಲಿನ ಮೇಲಿಂದ ಅವಳತ್ತ ತಿರುಗಿದ. "ನೀ ಬೈ ಅವ್ವಾ ನನಗ. ಬೈದುಬಿಡು."

"ಇವತ್ತ ಆಗಂಗಿಲ್ಲ ಕಾಕಾ. ದಣದೇನಿ." ಅವನ ತೋಳಿಗೆ ಕೈ ಹಾಕಿದಳು. "ಏಳ್ರಿ. ಒಬ್ಬಾಕಿನ ಹೆಂಗ ಹೋಗಲಿ ಮನಿಗೆ?"

ಇಬ್ಬರೂ ಊರ ಕಡೆ ನಡೆದರು. ಓಣಿಯ ಬಾಯಲ್ಲಿ ಕೂತಿದ್ದವರು ಮಾತು ನಿಲ್ಲಿಸಿದರು.

*

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹಿತ್ತಿಲಲ್ಲಿ ಸ್ನಾನಕ್ಕೆ ನೀರು ತೋಡಿಟ್ಟಿತ್ತು. ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವನು ಸ್ನಾನ ಮಾಡಿ ಒದ್ದೆ ಮೈಯಲ್ಲೇ ಬಾಗಿಲಿಗೆ ಬಂದು ನಿಂತ. ಚಂದ್ರಾಬಾಯಿ ತಲೆ ಎತ್ತಲಿಲ್ಲ. ಮೊಣಕೈವರೆಗೆ ಜೋಳದ ಹಿಟ್ಟು. ಬುಟ್ಟಿ ತುಂಬಿತ್ತು, ಇನ್ನೂ ಬಡಿಯುತ್ತಲೇ ಇದ್ದಳು.

"ಚಂದ್ರಾ," ಎಂದ.

"ನನಗರೆ ಹೇಳಬೇಕಿತ್ತು." ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಆಕಿ ನನ್ನ ಬಾಗಿಲಾಗ ನಿಂತಿದ್ಲು. ಒಂದು ವಾಟಿ ನೀರು ಕೊಡಲಿಲ್ಲ ನಾ. ನೀವು ಒಳಗ ನಿಂತು ಕೇಳಿದ್ರಿ."

ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ ಅವಳು ಎದ್ದಳು. ಕೈ ತೊಳೆದು, ಬುಟ್ಟಿಗೆ ಬಿಳಿ ಅರಿವೆ ಮುಚ್ಚಿ ತಲೆಯ ಮೇಲಿಟ್ಟುಕೊಂಡಳು. ಪಲ್ಯದ ಪಾತ್ರೆಯನ್ನು ಅವನ ಕೈಗೆ ಕೊಟ್ಟಳು. ಸತ್ತ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಜೈನರು ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಆಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ.

ಓಣಿ ದಾಟಲು ನಾಲ್ಕು ಹೆಜ್ಜೆ. ಪದ್ಮವ್ವನ ಕಟ್ಟೆ ತೊಳೆದು ಇನ್ನೂ ಆರಿರಲಿಲ್ಲ. ಹೊಸ್ತಿಲ ಹತ್ತಿರ ಬಂದು ಚಂದ್ರಾಬಾಯಿ ನಿಂತಳು. ಒಳಗೆ ಕೂತಿದ್ದ ಹೆಂಗಸರು ಅವಳನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹರ್ಷದಾ ಎದ್ದು ಬಂದಳು. ಒದ್ದೆ ಕೂದಲು ಬೆನ್ನ ಮೇಲೆ ಹರಡಿತ್ತು. ಅವಳು ಚಂದ್ರಾಬಾಯಿಯನ್ನು ನೋಡಿದಳು, ಹಿಂದೆ ಪಾತ್ರೆ ಹಿಡಿದು ನಿಂತ ಪಾಯಪ್ಪನನ್ನು ನೋಡಿದಳು, ಮನೆಗಳ ಮೇಲೆ ಇಳಿಯುತ್ತಿದ್ದ ಹೊತ್ತನ್ನು ನೋಡಿದಳು.

"ಕಾಕು, ಒಳಗ ಬರ್ರಿ."

ಚಂದ್ರಾಬಾಯಿ ಹೊಸ್ತಿಲಾಚೆಯೇ ಉಳಿದಳು. ಹರ್ಷದಾ ಕೈ ಚಾಚಿ, ತಲೆಯ ಮೇಲಿನ ಬುಟ್ಟಿಯ ಅರಿವೆ ಸರಿಸಿ, ಮೇಲಿನ ಒಂದು ರೊಟ್ಟಿ ತೆಗೆದುಕೊಂಡಳು. ಅಲ್ಲೇ ಹೊಸ್ತಿಲಲ್ಲಿ ನಿಂತು ತುದಿ ಮುರಿದು ಬಾಯಿಗಿಟ್ಟಳು. ಪಲ್ಯವಿಲ್ಲದೆ, ಒಣದಾಗಿಯೇ ಅಗಿದಳು. ಚಂದ್ರಾಬಾಯಿ ಎರಡೂ ಕೈಯಿಂದ ಬುಟ್ಟಿ ಹಿಡಿದುಕೊಂಡು, ಆ ತುತ್ತು ಗಂಟಲಿಳಿಯುವವರೆಗೂ ಅಲುಗದೆ ನಿಂತಿದ್ದಳು.