ಸ್ಟೇಷನ್ನಿನ ಬಲ್ಬು

ಕಿರಕ್ — ಅಷ್ಟೇ, ಹೋಲ್ಡರಿನಲ್ಲಿ ಬಲ್ಬು ತಿರುಗಿದ ಸದ್ದು, ಹೊಂಗೆ ಮರದ ಹಿಂದೆ ಉಸಿರು ಬಿಗಿಹಿಡಿದು ನಿಂತಿರದಿದ್ದರೆ ಸುನಿತಾಗೆ ಕೇಳುತ್ತಲೇ ಇರಲಿಲ್ಲ, ಸ್ಟೇಷನ್ನು ಕತ್ತಲಾಯಿತು, ಸಿಕ್ಕಿದ ಕಳ್ಳ, ಸಂಘದ ಹೆಂಗಸರು ಹಾಕಿಸಿದ ಮೂರನೇ ಬಲ್ಬು, ಇಲ್ಲಿ ಕದಿಯಲು ಇನ್ನೇನು ಉಳಿದಿದೆ, ಟಿಕೆಟ್ ಕಿಟಕಿಗೆ ಹಲಗೆ ಹೊಡೆದು ವರ್ಷಗಳಾದವು, ಹಿಂದಿನ ಸ್ಟೇಷನ್ನಿನಲ್ಲಿ ಬೆಂಚಿಲ್ಲ, ಮುಂದಿನದರ ಬೋರ್ಡಿನಲ್ಲಿ ಹೆಸರೇ ಇಲ್ಲ, ಮೈಸೂರಿನ ಗಾಡಿ ಮಾತ್ರ ದಿನಾ ಸಂಜೆ ನಿಲ್ಲುತ್ತದೆ, ನಾಲ್ಕು ಜನ ಇಳಿಯುತ್ತಾರೆ, ಅವರಲ್ಲೊಬ್ಬಳು ಮಗಳು ರಂಜಿತ, ಬಿಎಸ್ಸಿ ಎರಡನೇ ವರ್ಷ — ನಿನ್ನೆ ಉಂಡು ಕೈ ತೊಳೆಯುತ್ತಾ ಗಂಡ ದಿಲೀಪ್ ಅಂದದ್ದು, ನಾಳೀಕೂ ಟೇಸನ್ನು ಕತ್ಲಾಗಿದ್ರೆ ಕಾಲೇಜು ಸಾಕು ಕಣಮ್ಮಿ, ಹೆಣ್ಮಗ ಇಂಗೆ ಇಳೀಬಾರ್ದು, ಸುನಿತಾ ಸಾರಿನ ಪಾತ್ರೆ ಮುಚ್ಚಿದ್ದಳು, ಮುಚ್ಚುವಾಗಲೇ ನಿಶ್ಚಯಿಸಿದ್ದಳು, ಇವತ್ತು ಹಿಡಿಯುತ್ತೇನೆ, ಯಾರೇ ಆಗಿರಲಿ.

ಮೊಬೈಲಿನ ಬೆಳಕು ಬಿಟ್ಟಳು, ಕಲ್ಲುಬೆಂಚಿನ ಮೇಲೆ ನಿಂತಿರುವುದು — ಅತ್ತೆ ಸೋಮಮ್ಮ, ಕೆಳಗೆ ಡೈರಿಗೆ ಹಾಲು ಹಾಕಿ ಬಂದ ಖಾಲಿ ಕ್ಯಾನು, ಮಡಿಲಲ್ಲಿ ಉಬ್ಬು, ಮೊನ್ನೆಯೂ ಕಂಡಿತ್ತಲ್ಲ ಈ ಉಬ್ಬು, ಎಲೆಅಡಿಕೆ ಚೀಲ ಅಂದುಕೊಂಡಿದ್ದಳಲ್ಲ, ಏನತ್ತೆ ಇದು ಅಂದರೆ, ಇಳ್ಸವ್ವ ಮೊದ್ಲು, ಸೊಂಟ ಮುರೀತದೆ, ಆಮೇಲ್ ಬಯ್ಯೀವಂತೆ, ಕೈ ಹಿಡಿದು ಇಳಿಸಿದಳು, ಅತ್ತೆ ನಿಲ್ಲಿಸುವುದೇ ಇಲ್ಲ, ಬೆಳಕಿದ್ರೆ ಮಗೀನ ಕರ್ಯಾಕ್ ಬಂದ ನಿನ್ ಗಂಡ ಅವಳ್ನ ಒಬ್ಬಳ್ನೇ ಮನೆಗ್ ಅಟ್ಬುಟ್ಟು ಇಲ್ಲೇ ಇಸ್ಪೀಟಿಗೆ ಕೂತ್ಕತಾನೆ, ಕತ್ಲಲ್ಲಿ ಏನ್ ಆಡಾನು, ತೆಪ್ಪಗೆ ಮಗೀನ ಕರ್ಕಂಡು ಬತ್ತಾನೆ, ಅದ್ಕೇಯ — ಹೌದು, ಬಲ್ಬು ಹೋದ ಸಂಜೆಗಳಲ್ಲಿ ಅವನು ಮಗಳ ಜೊತೆಗೇ ಬಂದಿದ್ದ, ತಾನು ಎಲ್ಲವನ್ನೂ ಗಮನಿಸುವವಳು, ಇದನ್ನೊಂದು ಜೋಡಿಸಿ ನೋಡಲಿಲ್ಲ, ಕತ್ತಲೆಯ ನೆಪದಲ್ಲಿ ಕಾಲೇಜು ಬಿಡಿಸ್ತಾರಂತೆ ಅತ್ತೆ, ಅಯ್ ನನ್ ಬಾಯಿಗ್ ಮಣ್ಣಾಕ, ಅಂಗಂದ್ನಾ, ನಂಗೇನ್ ಗೊತ್ತಿತ್ತವ್ವ, ಮುದುಕಿ ಮಡಿಲು ಬಿಚ್ಚಿತು, ಬಲ್ಬು ಇನ್ನೂ ಬೆಚ್ಚಗಿದೆ, ಆಗತಾನೆ ಇಟ್ಟ ಮೊಟ್ಟೆಯ ಹಾಗೆ.

ಬೆಳಕಿದ್ದರೆ ಗಂಡ ಇಲ್ಲಿ, ಬೆಳಕಿಲ್ಲದಿದ್ದರೆ ಮಗಳು ಮನೆಯಲ್ಲಿ, ಎರಡೂ ಬೇಡ, ನೀವು ನಡೀರಿ ಅತ್ತೆ, ಅವರು ಹೊರಟಿದ್ದರೆ ತಡೀರಿ, ಇನ್ಮೇಲೆ ಮಗೀನ ಕರೆಯೋಕೆ ಸುನಿತಾನೇ ಓಗ್ತಾಳಂತೆ ಅನ್ನಿ, ತಾನೇ ಬೆಂಚು ಹತ್ತಿದಳು, ಕಿರಕ್, ಬೆಳಕು, ಗಾಡಿ ಬಂತು, ರಂಜಿತ ಇಳಿದಳು, ನೀನ್ಯಾಕಮ್ಮ ಬಂದೆ, ಓ, ಬಲ್ಬ್ ಬಂದ್ಬುಟ್ಟಿದೆ, ಕಳ್ಳ ಸಿಕ್ಕಿದ್ನಾ — ಇಲ್ಲ ಕಣೆ, ನೀನು ಮುಂದೆ ನಡೀತಿರು, ಸಂಘದವರು ಕೇಳಿದರೂ ಇಲ್ಲ, ಗಂಡ ಕೇಳಿದರೂ ಇಲ್ಲ, ಗಾಡಿಯ ಹೊತ್ತಿಗೆ ಬೆಳಕು, ಇಸ್ಪೀಟಿನ ಹೊತ್ತಿಗೆ ಕತ್ತಲೆ, ದಿನಾ, ಮಗಳ ಪರೀಕ್ಷೆ ಮುಗಿಯುವವರೆಗೂ, ಯಾರಿಗೂ ಹೇಳುವುದಿಲ್ಲ, ಗಾಡಿಯ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು, ಮತ್ತೆ ಬೆಂಚು ಹತ್ತಿದಳು, ಕಿರಕ್, ತನ್ನ ಮಡಿಲಲ್ಲಿ ಬಲ್ಬು, ಬೆಚ್ಚಗೆ, ಮೊಟ್ಟೆಯ ಹಾಗೆ —